ಡಾಂಬರು ಕಾಣದ ಬಿಳಿ ದಾರಿಗಳಲ್ಲಿ ಆರು ದಿನ

ಮೊದಲ ದಿನ: ಸಿಯೆನಾದಿಂದ ಗಾಯೋಲೆ

ಸುಣ್ಣಕಲ್ಲಿನ ಸಣ್ಣ ಜಲ್ಲಿ ಹರಡಿ ಗಟ್ಟಿಮಾಡಿದ, ಡಾಂಬರು ಕಾಣದ ಹಳ್ಳಿ ದಾರಿಗೆ ಇಟಲಿಯ ಟಸ್ಕನಿಯಲ್ಲಿ ‘ಸ್ಟ್ರಾದಾ ಬಿಯಾಂಕಾ’ ಎನ್ನುತ್ತಾರೆ. ಬಿಳಿ ರಸ್ತೆ ಎಂದು ಅರ್ಥ. ಆ ದಾರಿಗಳಲ್ಲಿ ಸೈಕಲ್ ತುಳಿಯಬೇಕೆಂಬ ಆಸೆ ನನಗೆ ಹಲವು ವರ್ಷಗಳದು. ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ನನ್ನ ತಮ್ಮ, ಜೊತೆಗೆ ಬರುತ್ತೇನೆಂದ ಮೇಲೆ ಮೇ ತಿಂಗಳ ಎರಡನೆಯ ವಾರಕ್ಕೆ ದಿನ ಗೊತ್ತಾಯಿತು. ಫ್ಲಾರೆನ್ಸಿನಲ್ಲಿ ಇಬ್ಬರೂ ಕೂಡಿಕೊಂಡು, ಒಂದೂವರೆ ಗಂಟೆ ರೈಲಿನಲ್ಲಿ ಕುಳಿತು, ಬುಧವಾರ ಬೆಳಿಗ್ಗೆ ಸಿಯೆನಾದಲ್ಲಿ ಇಳಿದೆವು. ಜಲ್ಲಿ ದಾರಿಗೆ ಒಗ್ಗುವ, 38 ಮಿಲಿಮೀಟರ್ ಅಗಲದ ಟಯರುಗಳಿದ್ದ ಎರಡು ಸೈಕಲ್ಲುಗಳನ್ನು ಅಲ್ಲಿ ಬಾಡಿಗೆಗೆ ಗೊತ್ತುಮಾಡಿದ್ದೆವು. ಟಯರಿನ ಅಗಲಕ್ಕಿಂತಲೂ ಮುಖ್ಯವಾದದ್ದು ಏರಿಗೆ ಬೇಕಾದ ಹಗುರ ಗೇರು. ಈ ಸೀಮೆಯಲ್ಲಿ ಸಮತಟ್ಟಾದ ದಾರಿ ಒಂದು ಕಿಲೋಮೀಟರ್ ಸಿಕ್ಕಿದರೆ ಹೆಚ್ಚು, ಆದ್ದರಿಂದ ಸೈಕಲ್ ಆರಿಸುವಾಗ ಹಿಂದಿನ ಗಾಲಿಯ ದೊಡ್ಡ ಹಲ್ಲುಚಕ್ರ ಎಷ್ಟು ದೊಡ್ಡದಿದೆ ಎಂಬುದನ್ನು ಮೊದಲು ನೋಡಬೇಕು.

ಸಿಯೆನಾದಿಂದ ಈಶಾನ್ಯಕ್ಕೆ ಪಿಯಾನೆಲ್ಲಾ ಎಂಬ ಹಳ್ಳಿಯವರೆಗೆ ವಾಹನಗಳ ಓಡಾಟವಿತ್ತು. ಅದನ್ನು ದಾಟಿ ಬ್ರೋಲಿಯೋ ಕೋಟೆಯ ಕಡೆಗೆ ಹತ್ತುತ್ತಿದ್ದಂತೆ ಸದ್ದು ಒಂದೊಂದಾಗಿ ಹಿಂದೆ ಉಳಿಯಿತು. ರಸ್ತೆಯ ಎರಡೂ ಬದಿ ದ್ರಾಕ್ಷಿ ತೋಟಗಳು, ಸಾಲುಗಳ ತುದಿಯಲ್ಲಿ ಗುಲಾಬಿ ಗಿಡಗಳು, ತೋಟದ ಆಚೆ ಓಕ್ ಮರಗಳ ಕುರುಚಲು ಕಾಡು. ಬ್ರೋಲಿಯೋ ರಿಕಾಸೊಲಿ ಮನೆತನದ ಕೋಟೆ. ಒಂದಾದ ಇಟಲಿಗೆ 1861ರಲ್ಲಿ ಎರಡನೆಯ ಪ್ರಧಾನಿಯಾದ ಬೆತ್ತೀನೊ ರಿಕಾಸೊಲಿ ಇಲ್ಲಿಯ ಧಣಿ. ಈ ಸೀಮೆಯ ಹೆಸರನ್ನೇ ಹೊತ್ತ ಕಿಯಾಂಟಿ ದ್ರಾಕ್ಷಾರಸಕ್ಕೆ ಯಾವ ಯಾವ ತಳಿಯ ದ್ರಾಕ್ಷಿಯನ್ನು ಬೆರೆಸಬೇಕೆಂಬ ಹದವನ್ನು ಗೊತ್ತುಮಾಡಿದವನೂ ಅವನೇ. ಕೋಟೆಯ ಸುತ್ತಿನ ಬಿಳಿ ರಸ್ತೆಗೆ ಸೈಪ್ರೆಸ್ ಮರಗಳ ಸಾಲು ಕಾವಲು ನಿಂತಂತಿದೆ. ನಾವು ಮೊದಲ ಬಾರಿಗೆ ಜಲ್ಲಿಯ ಮೇಲೆ ಗಾಲಿ ಇಟ್ಟದ್ದು ಅಲ್ಲಿ. ಮೊದಲ ಇಳಿಜಾರಿನಲ್ಲೇ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದೆ. ಗಾಲಿ ಪಕ್ಕಕ್ಕೆ ಜಾರಿ, ಕಾಲೂರಿ ನಿಲ್ಲುವಷ್ಟರಲ್ಲಿ ಎದೆ ಹೊಡೆದುಕೊಳ್ಳುತ್ತಿತ್ತು. “ಅಕ್ಕ, ಹಿಂದಿನ ಬ್ರೇಕು, ಅದೂ ಬಿಟ್ಟು ಬಿಟ್ಟು ಹಿಡಿ,” ಎಂದು ತಮ್ಮ ಕೂಗಿದ. ಕಾರುಗಳ ಚಕ್ರ ಉಜ್ಜಿ ನುಣುಪಾದ ಎರಡು ಪಟ್ಟಿಗಳಲ್ಲಿ ಒಂದನ್ನು ಹಿಡಿದು ಹೋದರೆ ಜಲ್ಲಿ ಅಷ್ಟಾಗಿ ಕಾಡುವುದಿಲ್ಲ ಎಂಬುದು ಸಂಜೆಯ ಹೊತ್ತಿಗೆ ಕಾಲಿಗೂ ಕಣ್ಣಿಗೂ ಅಭ್ಯಾಸವಾಯಿತು.

ಗಾಯೋಲೆ ಕಣಿವೆಯಲ್ಲಿ ಅಡಗಿರುವ ಸಣ್ಣ ಊರು. ಈ ದಾರಿಗಳು ಇಂದಿಗೂ ಬಿಳಿಯಾಗಿಯೇ ಉಳಿದಿದ್ದರೆ ಅದರಲ್ಲಿ ಈ ಊರಿನ ಪಾಲು ದೊಡ್ಡದು. ಒಂದೊಂದೇ ಹಳ್ಳಿ ದಾರಿ ಡಾಂಬರಿನ ಕೆಳಗೆ ಮುಚ್ಚಿಹೋಗುತ್ತಿದ್ದ ಕಾಲದಲ್ಲಿ, ಅವನ್ನು ಉಳಿಸಬೇಕೆಂದು ಜಾಂಕಾರ್ಲೊ ಬ್ರೊಚ್ಚಿ ಎಂಬವರು 1997ರಲ್ಲಿ ‘ಲೆರೋಯಿಕಾ’ ಎಂಬ ಸೈಕಲ್ ಸವಾರಿಯನ್ನು ಇಲ್ಲಿಂದ ಆರಂಭಿಸಿದರು. ಮೊದಲ ವರ್ಷ ಬಂದವರು 92 ಜನ. ಈಗ ಪ್ರತಿ ಅಕ್ಟೋಬರಿನಲ್ಲಿ ಸಾವಿರಾರು ಮಂದಿ, 1987ಕ್ಕಿಂತ ಹಿಂದಿನ ಉಕ್ಕಿನ ಸೈಕಲ್ಲುಗಳನ್ನೇರಿ, ಉಣ್ಣೆಯ ಹಳೆಯ ಅಂಗಿ ತೊಟ್ಟು ಬರುತ್ತಾರೆ. ಅದರ 209 ಕಿಲೋಮೀಟರ್ ಸುತ್ತು ವರ್ಷವಿಡೀ ತೆರೆದಿದ್ದು, ಕವಲುಗಳಲ್ಲಿ ಕಂದು ಬಣ್ಣದ ಫಲಕಗಳು ದಾರಿ ತೋರಿಸುತ್ತವೆ. ನಾವು ಆರು ದಿನ ಹೆಚ್ಚಾಗಿ ಹಿಡಿದದ್ದು ಆ ಫಲಕಗಳ ದಾರಿಯನ್ನೇ.

ಎರಡನೆಯ ದಿನ: ರಾದ್ದಾ, ಕಾಸ್ತೆಲ್ಲೀನಾ

ಗಾಯೋಲೆಯಿಂದ ರಾದ್ದಾಕ್ಕೆ ಏರು, ರಾದ್ದಾದಿಂದ ಕಾಸ್ತೆಲ್ಲೀನಾಕ್ಕೆ ಗುಡ್ಡದ ಬೆನ್ನಿನ ಮೇಲಿನ ಸಾಗು, ಅಲ್ಲಿಂದ ಮರಳಿ ಸಿಯೆನಾಕ್ಕೆ ಇಳಿತ: ದಿನದ ಲೆಕ್ಕ ಇಷ್ಟೇ. ಗುರುವಾರವಾದ್ದರಿಂದ ಡಾಂಬರು ರಸ್ತೆಯೂ ಬಹುಪಾಲು ಖಾಲಿಯಿತ್ತು. ಭಾನುವಾರಗಳಲ್ಲಿ ಇದೇ ದಾರಿ ಮೋಟಾರ್ ಸೈಕಲ್ಲುಗಳ ಗುಂಪುಗಳಿಂದ ತುಂಬಿಹೋಗುತ್ತದೆ ಎಂದು ರಾದ್ದಾದ ಕಾಫಿ ಅಂಗಡಿಯಾಕೆ ಹೇಳಿದಳು. ಆದ್ದರಿಂದ ಕಿಯಾಂಟಿಯ ಭಾಗವನ್ನು ವಾರದ ನಡುವೆ ಮುಗಿಸಿ, ವಾರದ ಕೊನೆಯನ್ನು ದಕ್ಷಿಣದ ಜೇಡಿಮಣ್ಣಿನ ಸೀಮೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ಕಾಸ್ತೆಲ್ಲೀನಾದಲ್ಲಿ ಕೋಟೆಗೋಡೆಗೆ ಅಂಟಿಕೊಂಡು, ಮನೆಗಳ ಕೆಳಗೇ ಹಾದುಹೋಗುವ ಕಮಾನಿನ ಓಣಿಯೊಂದಿದೆ. ಬಿಸಿಲಿನಿಂದ ಒಳಹೊಕ್ಕವರಿಗೆ ಅದರ ತಂಪು ಹಳೆಯ ದೇವಸ್ಥಾನದ ಪ್ರದಕ್ಷಿಣಾ ಪಥದ ತಂಪಿನಂತೆ ಮೈಗೆ ತಾಗುತ್ತದೆ. ಅಲ್ಲಿಂದ ಕೆಳಗಿಳಿದರೆ ಫೊಂತೆರೂತೊಲಿ ಎಂಬ ಹಳ್ಳಿ. ಕಿಯಾಂಟಿಯ ಶೀಷೆಗಳ ಮೇಲಿನ ಕರಿ ಹುಂಜದ ಕಥೆ ಈ ಹಳ್ಳಿಗೆ ಸೇರಿದ್ದು. ಫ್ಲಾರೆನ್ಸ್ ಮತ್ತು ಸಿಯೆನಾ ತಮ್ಮ ಗಡಿ ಜಗಳವನ್ನು ಬಗೆಹರಿಸಿಕೊಳ್ಳಲು, ಹುಂಜ ಕೂಗಿದೊಡನೆ ಒಂದೊಂದು ಊರಿನಿಂದ ಒಬ್ಬ ಕುದುರೆ ಸವಾರ ಹೊರಡಬೇಕು, ಇಬ್ಬರೂ ಸಂಧಿಸಿದ ಜಾಗವೇ ಗಡಿ ಎಂದು ಒಪ್ಪಿಕೊಂಡವಂತೆ. ಸಿಯೆನಾದವರು ತಮ್ಮ ಬಿಳಿ ಹುಂಜವನ್ನು ಚೆನ್ನಾಗಿ ಮೇಯಿಸಿದರು. ಫ್ಲಾರೆನ್ಸಿನವರು ತಮ್ಮ ಕರಿ ಹುಂಜವನ್ನು ಉಪವಾಸ ಕೆಡವಿದರು. ಹಸಿದ ಹುಂಜ ಬೆಳಕು ಹರಿಯುವ ಮೊದಲೇ ಕೂಗಿತು, ಸವಾರ ಬೇಗ ಹೊರಟ, ಗಡಿ ಸಿಯೆನಾದ ಬಾಗಿಲಿಗೆ ಹತ್ತಿರದ ಈ ಹಳ್ಳಿಗೆ ಬಂತು. ಇಳಿಜಾರಿನಲ್ಲಿ ಪೆಡಲನ್ನೇ ಮುಟ್ಟದೆ ಸಿಯೆನಾದ ಗೋಪುರ ಕಾಣುವವರೆಗೆ ಬಂದುಬಿಟ್ಟ ನಮಗೆ, ಸಿಯೆನಾದವರ ಪಾಲಿಗೆ ಉಳಿದ ನೆಲ ಎಷ್ಟು ಕಿರಿದೆಂಬುದು ಕಾಲಿನ ಲೆಕ್ಕದಲ್ಲೇ ತಿಳಿಯಿತು.

ಮೂರನೆಯ ದಿನ: ಮೂರ್ಲೊ ದಾಟಿ ಮೊಂತಾಲ್ಚೀನೊ

ಬೆಳಿಗ್ಗೆ ಮೋಡ ಕವಿದಿತ್ತು. ದಕ್ಷಿಣಕ್ಕೆ ರಾದಿ ಎಂಬ ಹಳ್ಳಿಯ ಬಳಿ ಬಿಳಿ ರಸ್ತೆ ಶುರುವಾಯಿತು. ಅಲ್ಲಿಂದಾಚೆಗೆ ದ್ರಾಕ್ಷಿಯ ಸಾಲುಗಳು ತೆಳುವಾಗಿ, ಮೊಣಕಾಲೆತ್ತರದ ಹಸಿರು ಗೋಧಿಯ ಹೊಲಗಳು ಗುಡ್ಡದಿಂದ ಗುಡ್ಡಕ್ಕೆ ಹರಡಿಕೊಂಡವು. ಹೊಲದ ಅಂಚಿನಲ್ಲಿ ಕೆಂಪು ಗಸಗಸೆ ಹೂಗಳು ಎಷ್ಟು ಒತ್ತಾಗಿದ್ದವೆಂದರೆ, ತಮ್ಮ ಸೈಕಲ್ ನಿಲ್ಲಿಸಿ ಮಾತಿಲ್ಲದೆ ನೋಡುತ್ತ ನಿಂತುಬಿಟ್ಟ. ಮೂರ್ಲೊ ಹಿಡಿಯಷ್ಟು ಊರು. ಒಂದು ಗೋಡೆಯ ಸುತ್ತಿನಲ್ಲಿ ಇಡೀ ಊರು ಮುಗಿಯುತ್ತದೆ.

ಮೂರ್ಲೊದಿಂದ ಇಳಿದು ಬುವೊನ್‌ಕೊನ್ವೆಂತೊ ಕಡೆಗೆ ತಿರುಗಿದಾಗ ಮಳೆ ಹಿಡಿಯಿತು. ನಮ್ಮ ಮಲೆನಾಡಿನ ಮಳೆಗೆ ಹೋಲಿಸಿದರೆ ಅದು ಸೋನೆ ಎನ್ನಬೇಕು. ಆದರೆ ಮಣ್ಣು ಬೇರೆ. ಬೂದು ಜೇಡಿಮಣ್ಣಿನ ಮೇಲೆ ಹರಡಿದ ಜಲ್ಲಿ ಅರ್ಧ ಗಂಟೆಯಲ್ಲಿ ದೋಸೆ ಹಿಟ್ಟಿನಂತಾಯಿತು. ಮೊದಲು ಟಯರಿನ ಗೆರೆಗಳು ತುಂಬಿದವು, ಆಮೇಲೆ ಗಾಲಿಗೂ ಕವಲು ಕಂಬಿಗೂ ನಡುವಿನ ಸಂದು ತುಂಬಿತು, ಕೊನೆಗೆ ಗಾಲಿ ತಿರುಗುವುದೇ ನಿಂತಿತು. ಬೇಲಿಯಿಂದ ಕಡ್ಡಿ ಮುರಿದು ಮಣ್ಣನ್ನು ಕೆದಕುವುದು, ಇನ್ನೂರು ಹೆಜ್ಜೆ ತಳ್ಳುವುದು, ಮತ್ತೆ ಕೆದಕುವುದು. ಎರಡು ಕಿಲೋಮೀಟರಿಗೆ ಒಂದು ಗಂಟೆ ಹಿಡಿಯಿತು. 2010ರ ಮೇ ತಿಂಗಳಲ್ಲಿ ಜೀರೊ ದಿ ಇಟಾಲಿಯಾ ಎಂಬ ಸೈಕಲ್ ಸ್ಪರ್ಧೆಯ ಏಳನೆಯ ಹಂತದ ಓಟ ಇದೇ ಸೀಮೆಯ ಬಿಳಿ ರಸ್ತೆಗಳಲ್ಲಿ, ಸುರಿಯುವ ಮಳೆಯಲ್ಲಿ, ಮೊಂತಾಲ್ಚೀನೊದವರೆಗೆ ನಡೆದಿತ್ತು. ಗೆದ್ದವನು ಕ್ಯಾಡೆಲ್ ಇವಾನ್ಸ್. ಅವನು ತೊಟ್ಟಿದ್ದ ವಿಶ್ವ ಚಾಂಪಿಯನ್ನನ ಬಣ್ಣದ ಪಟ್ಟಿಗಳು ಕೆಸರಿನಡಿ ಕಾಣದಂತಾಗಿದ್ದ ಚಿತ್ರವನ್ನು ನಾನು ಎಷ್ಟೋ ಸಲ ನೋಡಿದ್ದೆ. ಆ ಕೆಸರು ಎಂಥದೆಂದು ಅಂದು ಕೈಗೆ ಅಂಟಿಸಿಕೊಂಡು ಅರಿತೆ. ಮಳೆ ಬರುವ ಸೂಚನೆಯಿದ್ದರೆ ಕಿಯಾಂಟಿಯ ಕಲ್ಲು ನೆಲದ ಬಿಳಿ ರಸ್ತೆಗಳಲ್ಲಿ ಧೈರ್ಯವಾಗಿ ಹೋಗಬಹುದು. ಜೇಡಿಮಣ್ಣಿನ ಸೀಮೆಯಲ್ಲಿ ಮಾತ್ರ ಡಾಂಬರನ್ನೇ ಹಿಡಿಯಬೇಕು, ಇಲ್ಲವೇ ಬಿಸಿಲು ಬಿದ್ದು ಅರ್ಧ ದಿನವಾಗುವವರೆಗೆ ಕಾಯಬೇಕು.

ಮಳೆ ಬಿಟ್ಟ ಮೇಲೆ ತಮ್ಮನ ಹಿಂದಿನ ಟಯರು ಕೂತಿತು. ಬಾಡಿಗೆ ಅಂಗಡಿಯವರು ಕೊಟ್ಟಿದ್ದ ಚೀಲದಲ್ಲಿ ಬದಲಿ ಟ್ಯೂಬಿತ್ತು, ಆದರೆ ಅದು ಸಪೂರ ಟಯರಿನದು. ಹೊರಡುವ ಮುನ್ನ ಚೀಲ ಬಿಚ್ಚಿ ಅಳತೆ ನೋಡದೆ ಬಂದದ್ದು ನಮ್ಮಿಬ್ಬರ ತಪ್ಪೇ. ಪುಣ್ಯಕ್ಕೆ ತೇಪೆ ಹಾಕುವ ಸಾಮಾನು ನನ್ನ ಬಳಿ ಇತ್ತು. ರಸ್ತೆ ಪಕ್ಕದ ಚರಂಡಿಯಲ್ಲಿ ನಿಂತ ಮಳೆನೀರಿನಲ್ಲಿ ಗಾಳಿ ತುಂಬಿದ ಟ್ಯೂಬನ್ನು ಮುಳುಗಿಸಿ, ಅಂಗುಲ ಅಂಗುಲವಾಗಿ ತಿರುಗಿಸುತ್ತ ಗುಳ್ಳೆ ಏಳುವ ಜಾಗ ಹುಡುಕಿದೆ. ತೀರ್ಥಹಳ್ಳಿಯ ಸೈಕಲ್ ಅಂಗಡಿಯ ಮುಂದಿನ ಬೋಗುಣಿಯಲ್ಲಿ ಈ ಕೆಲಸವನ್ನು ಕುಕ್ಕರಗಾಲಿನಲ್ಲಿ ಕೂತು ನೋಡುತ್ತಿದ್ದವಳು ನಾನು. ಬೇಲಿ ಸವರಿ ರಸ್ತೆಗೆ ಬಿಟ್ಟಿದ್ದ ಮುಳ್ಳೊಂದು ಟಯರನ್ನು ದಾಟಿ ಒಳಗೆ ಬಂದಿತ್ತು. ಅದನ್ನು ಉಗುರಿನಲ್ಲಿ ಕಿತ್ತು, ಒರೆಸಿ, ಉಜ್ಜಿ, ತೇಪೆ ಒತ್ತಿ ಹಿಡಿದು ನೂರು ಎಣಿಸಿದೆ. ಆ ತೇಪೆ ಸಿಯೆನಾ ಸೇರುವವರೆಗೂ ಬಾಳಿತು.

ಮೊಂತಾಲ್ಚೀನೊ 564 ಮೀಟರ್ ಎತ್ತರದಲ್ಲಿದೆ. ಅದರಲ್ಲಿ ಬಹುಪಾಲನ್ನು ಕಣಿವೆಯಿಂದ ಹತ್ತಬೇಕು. ಕೆಸರು ಒಣಗಿ ಬಿಗಿದ ಕಾಲುಗಳಲ್ಲಿ ಊರಿನ ಬಾಗಿಲು ತಲುಪಿದಾಗ ದೀಪ ಹಚ್ಚುವ ಹೊತ್ತು. ಉಳಿದುಕೊಂಡ ಮನೆಯ ಯಜಮಾನಿ ನಮ್ಮನ್ನು ನೋಡಿದವಳೇ ಒಳಗೆ ಕರೆಯದೆ, ಮೊದಲು ಹಿತ್ತಿಲ ನಲ್ಲಿಯನ್ನೂ ಹಳೆಯ ಬ್ರಶ್ಶನ್ನೂ ತೋರಿಸಿದಳು. ಸೈಕಲ್ ತೊಳೆದು, ನಾವೂ ತೊಳೆದುಕೊಂಡ ಮೇಲೆ ಬಡಿಸಿದ್ದು ಪೀಚಿ. ಹಿಟ್ಟು ಮತ್ತು ನೀರಿನಿಂದ ಕಲಸಿ, ಮಣೆಯ ಮೇಲೆ ಅಂಗೈಯಲ್ಲಿ ಒಂದೊಂದೇ ಎಳೆಯಾಗಿ ಹೊಸೆದ ದಪ್ಪ ಶಾವಿಗೆ ಅದು. ಎಳೆಗಳ ದಪ್ಪ ಒಂದರಂತೆ ಒಂದಿರಲಿಲ್ಲ. ಟೊಮೇಟೊ ಮತ್ತು ಈ ಕಡೆಯ ದೊಡ್ಡ ಎಸಳಿನ ಸೌಮ್ಯ ಬೆಳ್ಳುಳ್ಳಿಯ ಗೊಜ್ಜಿನಲ್ಲಿ ಅದನ್ನು ಹೊರಳಿಸಿದ್ದರು. ಮಾಂಸ ತಿನ್ನದವರು ಈ ಸೀಮೆಯಲ್ಲಿ ಪೀಚಿಯನ್ನೂ, ಹುರುಳಿಕಾಯಿ ಜಾತಿಯ ಬಿಳಿ ಕಾಳು, ಕಡುಹಸಿರು ಸೊಪ್ಪು, ಹಳೆಯ ಬ್ರೆಡ್ಡು ಹಾಕಿ ಎರಡೆರಡು ಸಲ ಕುದಿಸುವ ರಿಬೊಲ್ಲೀತಾವನ್ನೂ ನೆಚ್ಚಿಕೊಳ್ಳಬಹುದು. ಒಗ್ಗರಣೆಯಲ್ಲಿ ಹಂದಿ ಮಾಂಸದ ಚೂರು ಬಿದ್ದಿದೆಯೇ ಎಂದು ಮಾತ್ರ ಕೇಳಿಕೊಳ್ಳಬೇಕು.

ನಾಲ್ಕನೆಯ ದಿನ: ಓರ್ಚಾ ಕಣಿವೆ

ಮೊಂತಾಲ್ಚೀನೊದಿಂದ ತೊರ್ರೆನಿಯೇರಿಗೆ ಇಳಿದು, ಸಾನ್ ಕ್ವಿರಿಕೊಗೆ ಹತ್ತುವ ಹಾದಿ ಚಿಕ್ಕದು. ಕ್ಯಾಂಟರ್ಬರಿಯಿಂದ ರೋಮಿಗೆ ಹೋಗುವ ಯಾತ್ರಿಕರ ಹಳೆಯ ದಾರಿ ವಿಯಾ ಫ್ರಾಂಚೀಜೆನಾ ಇಲ್ಲಿ ನಮ್ಮ ದಾರಿಯೊಂದಿಗೆ ಕೂಡುತ್ತದೆ, ಮತ್ತೆ ಅಗಲುತ್ತದೆ. 2004ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಓರ್ಚಾ ಕಣಿವೆಯ ಚಿತ್ರಗಳನ್ನು ಕ್ಯಾಲೆಂಡರುಗಳಲ್ಲಿ ನೋಡದವರು ಕಡಿಮೆ. ಅದನ್ನು ಮತ್ತೆ ವರ್ಣಿಸುವುದಕ್ಕಿಂತ ಬಾನ್ಯೊ ವಿನ್ಯೋನಿಯ ಬಗ್ಗೆ ಹೇಳುವುದು ಮೇಲು. ಆ ಊರಿನ ಚೌಕವೇ ಒಂದು ಕಲ್ಯಾಣಿ. ಸುತ್ತ ಕಲ್ಲಿನ ಮನೆಗಳು, ನಡುವೆ ಆವಿಯಾಡುವ ಬಿಸಿನೀರಿನ ಕೊಳ. ಅದರಲ್ಲಿ ಇಳಿಯುವಂತಿಲ್ಲ. ಆದರೆ ಕೊಳದಿಂದ ಹೊರಟ ನೀರು ಬಂಡೆಯಲ್ಲಿ ಕಡಿದ ಸಣ್ಣ ಕಾಲುವೆಗಳಲ್ಲಿ ಹರಿದು, ಹಿಂದೆ ಗಿರಣಿಗಳನ್ನು ತಿರುಗಿಸುತ್ತಿದ್ದ ಕಮರಿಗೆ ಬೀಳುತ್ತದೆ. ಆ ಕಾಲುವೆಯ ಅಂಚಿನಲ್ಲಿ ಯಾತ್ರಿಕರು ಸಾಲಾಗಿ ಕೂತು ಕಾಲು ಇಳಿಬಿಟ್ಟಿದ್ದರು. ನಾವೂ ಕೂತೆವು. ಪಕ್ಕದಲ್ಲಿದ್ದ ಡಚ್ ಹೆಂಗಸು ತನ್ನ ಪಾದದ ಬೊಬ್ಬೆಗಳನ್ನು ತೋರಿಸಿ, ಸೈಕಲ್ಲಿನವರಿಗೆ ನೋವು ಎಲ್ಲಿ ಎಂದು ವಿಚಾರಿಸಿದಳು. ತಮ್ಮ ತನ್ನ ಅಂಗೈಗಳನ್ನು ತೋರಿಸಿದ. ಜಲ್ಲಿಯ ಅದುರು ಮೊದಲು ಹಿಡಿಯುವುದು ಅಂಗೈಯನ್ನು, ದಪ್ಪ ಕೈಗವಸು ಇಲ್ಲದೆ ಹೋಗಬಾರದು.

ಐದನೆಯ ದಿನ: ಅಶಾನೊ ದಾರಿಯಲ್ಲೊಂದು ಮನೆ

ಭಾನುವಾರ. ಸಾನ್ ಕ್ವಿರಿಕೊ ಬಿಟ್ಟಾಗ ಕಣಿವೆಯಲ್ಲಿ ಮಂಜು ತುಂಬಿ, ಗುಡ್ಡದ ನೆತ್ತಿಗಳೂ ಅವುಗಳ ಮೇಲಿನ ಒಂಟಿ ಮನೆಗಳೂ ಮಾತ್ರ ತೇಲುತ್ತಿದ್ದವು. ಲುಚಿನ್ಯಾನೊ ದಾಸ್ಸೊ ಕಡೆಯ ಬಿಳಿ ರಸ್ತೆಯಲ್ಲಿ ಎರಡು ಗಂಟೆಯ ಕಾಲ ಒಂದು ಟ್ರ್ಯಾಕ್ಟರನ್ನು ಬಿಟ್ಟರೆ ಯಾರೂ ಎದುರಾಗಲಿಲ್ಲ. ಕೋಗಿಲೆಯ ಬಳಗದ ಕುಕ್ಕೂ ಹಕ್ಕಿಯ ಕೂಗು, ಜಲ್ಲಿ ಟಯರಿನಡಿ ಪುಡಿಯಾಗುವ ಸದ್ದು, ಇವೆರಡೇ. ಇದಕ್ಕಾಗಿಯೇ ಅಷ್ಟು ದೂರ ಬಂದಿದ್ದೆವು.

ಆದರೆ ಮಧ್ಯಾಹ್ನಕ್ಕೆ ತಿನ್ನಲು ಏನೂ ಇರಲಿಲ್ಲ. ವಾರದ ದಿನಗಳಲ್ಲೂ ಹಳ್ಳಿಯ ಅಂಗಡಿಗಳು ಒಂದರಿಂದ ನಾಲ್ಕರವರೆಗೆ ಮುಚ್ಚಿರುತ್ತವೆ. ಭಾನುವಾರ ಬಾಗಿಲನ್ನೇ ತೆರೆಯದವು ಎಷ್ಟೋ. ನೀರಿಗೆ ಒಂದು ಉಪಾಯ ಗೊತ್ತಿತ್ತು: ಎಷ್ಟೇ ಸಣ್ಣ ಹಳ್ಳಿಯ ಸ್ಮಶಾನದಲ್ಲೂ ಹೂವಿಗೆ ನೀರು ಹಾಕಲು ನಲ್ಲಿ ಇರುತ್ತದೆ, ‘ನೊನ್ ಪೊತಾಬಿಲೆ’ ಎಂದು ಬರೆದಿರದಿದ್ದರೆ ಕುಡಿಯಬಹುದು. ಹಸಿವಿಗೆ ಅಂಥ ಉಪಾಯವಿರಲಿಲ್ಲ. ದಾರಿಯ ಪಕ್ಕದ ಮನೆಯೊಂದರ ಮುಂದೆ ಬಟ್ಟೆ ಒಣಹಾಕುತ್ತಿದ್ದ ಹೆಂಗಸನ್ನು ತಮ್ಮ ತನಗೆ ಬರುವಷ್ಟು ಇಟಾಲಿಯನ್ನಿನಲ್ಲಿ, ಹತ್ತಿರ ಅಂಗಡಿ ಎಲ್ಲಿ ಎಂದು ಕೇಳಿದ. ಆಕೆ ಉತ್ತರ ಹೇಳದೆ, ಹಿಪ್ಪುನೇರಳೆ ಮರದ ಕೆಳಗಿನ ಬೆಂಚು ತೋರಿಸಿ ಒಳಗೆ ಹೋದಳು. ಬರುವಾಗ ಕೈಯಲ್ಲಿ ಉಪ್ಪಿಲ್ಲದ ಟಸ್ಕನಿಯ ಬ್ರೆಡ್ಡು, ಆಲಿವ್ ಎಣ್ಣೆ, ಕುರಿಹಾಲಿನ ಪೆಕೊರೀನೊ ಗಿಣ್ಣು. ಬ್ರೆಡ್ಡಿಗೆ ಉಪ್ಪೇಕಿಲ್ಲ ಎಂದು ನಾಲ್ಕು ದಿನದಿಂದ ಯೋಚಿಸುತ್ತಿದ್ದವಳಿಗೆ, ಉಪ್ಪುಗಿಣ್ಣಿನ ಜೊತೆ ತಿಂದಾಗ ಯೋಚನೆ ತೀರಿತು.

ಹಿಂದೆಯೇ ಆಕೆಯ ತಂದೆ ಕೋಲೂರಿಕೊಂಡು ಬಂದರು. ಎಂಬತ್ತು ದಾಟಿದ ವಯಸ್ಸು. ಗುಡ್ಡಕ್ಕೊಂದರಂತೆ ಈ ಮನೆಗಳೇಕೆ ಒಂಟಿಯಾಗಿವೆ, ಇಷ್ಟು ದಾರಿಗಳೇಕೆ ಎಂದು ನಾನು ಕೇಳಿಸಿದೆ. ಅವರು ಬೆಂಚಿನ ಮೇಲೆ ಕೋಲಿನಿಂದ ಗೆರೆ ಎಳೆದು ಎರಡು ಭಾಗ ಮಾಡಿ, “ಅರ್ಧ ನಮಗೆ, ಅರ್ಧ ಧಣಿಗೆ,” ಎಂದರು. ಮೆತ್ಸಾದ್ರಿಯಾ ಎಂಬ ಅರ್ಧ ಪಾಲಿನ ಗೇಣಿ ಪದ್ಧತಿ ಅದು. ನೆಲವೂ ಮನೆಯೂ ಧಣಿಯದು, ದುಡಿಮೆ ಒಕ್ಕಲಿನದು, ಬೆಳೆಯಲ್ಲಿ ಅರ್ಧರ್ಧ. ಒಕ್ಕಲು ತಾನು ಉಳುವ ನೆಲದ ನಡುವೆಯೇ ಇರಬೇಕಾದ್ದರಿಂದ ದಿಣ್ಣೆಗೊಂದು ಮನೆ. ಎತ್ತಿನ ಗಾಡಿ ಹೋಗಲು ಮನೆಗೊಂದು ದಾರಿ. ನಾವು ನಾಲ್ಕು ದಿನದಿಂದ ತುಳಿಯುತ್ತಿದ್ದ ಬಿಳಿ ರಸ್ತೆಗಳಲ್ಲಿ ಎಷ್ಟೋ ಆ ಗಾಡಿ ದಾರಿಗಳು. ಎರಡನೆಯ ಮಹಾಯುದ್ಧದ ನಂತರ ಜನ ಹೊಲ ಬಿಟ್ಟು ಪಟ್ಟಣದ ಕಾರ್ಖಾನೆಗಳಿಗೆ ಹೋದರು, 1964ರ ಕಾನೂನು ಹೊಸ ಅರ್ಧಪಾಲಿನ ಕರಾರುಗಳನ್ನು ನಿಷೇಧಿಸಿತು, ಖಾಲಿಯಾದ ಮನೆಗಳಿಗೆ ಸಾರ್ಡೀನಿಯಾ ದ್ವೀಪದ ಕುರಿಗಾರರು ಬಂದು ಸೇರಿದರು. ನಾವು ತಿಂದ ಗಿಣ್ಣು ಅಂಥದೊಂದು ಮನೆಯದೇ. ನನ್ನ ಅಜ್ಜನೂ ಗೇಣಿ ಮಾಡಿದವರು, 1974ರ ಭೂಸುಧಾರಣೆಯ ನಂತರ ಉಳುತ್ತಿದ್ದ ಗದ್ದೆ ನಮ್ಮ ಹೆಸರಿಗೆ ಬಂತು ಎಂದು ತಮ್ಮನ ಮೂಲಕ ಹೇಳಿಸಿದೆ. ಮುದುಕರು ಬಹಳ ಹೊತ್ತು ತಲೆದೂಗಿ, ನಿಮ್ಮ ಅಜ್ಜ ಅರ್ಧ ಕೊಡುತ್ತಿದ್ದರೋ ಹೆಚ್ಚೋ ಎಂದು ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ. ಊರಿಗೆ ಹೋದ ಮೇಲೆ ಅಮ್ಮನನ್ನು ಕೇಳಬೇಕು ಎಂದುಕೊಂಡೆ.

ದುಡ್ಡು ಕೊಡಲು ಹೋದಾಗ ಆಕೆ ತೆಗೆದುಕೊಳ್ಳಲಿಲ್ಲ. ಚೀಲದಲ್ಲಿದ್ದ ಏಲಕ್ಕಿಯ ಪೊಟ್ಟಣವನ್ನು ಕೊಟ್ಟಾಗ ಮಾತ್ರ ಮೂಸಿ ನೋಡಿ, ಎರಡೂ ಕೈ ಚಾಚಿದಳು.

ಆರನೆಯ ದಿನ: ಮೊಂತೆ ಸಾಂತೆ ಮರಿಯೆ, ಮತ್ತೆ ಸಿಯೆನಾ

ಅಶಾನೊದಿಂದ ಹೊರಡುವ ಮೊಂತೆ ಸಾಂತೆ ಮರಿಯೆಯ ಬಿಳಿ ರಸ್ತೆ ಹನ್ನೊಂದೂವರೆ ಕಿಲೋಮೀಟರ್ ಉದ್ದದ್ದು. ಈ ಸೀಮೆಯ ದಾರಿಗಳಲ್ಲೆಲ್ಲ ಕಠಿಣವೆಂದು ಹೆಸರಾದದ್ದು. 2007ರಿಂದ ನಡೆದುಬಂದಿರುವ ಸ್ಟ್ರಾದೆ ಬಿಯಾಂಕೆ ಸ್ಪರ್ಧೆ ಇಲ್ಲಿಯೇ ಹಾಯುತ್ತದೆ. ಅದನ್ನು 2008, 2012 ಮತ್ತು 2016ರಲ್ಲಿ ಗೆದ್ದ ಸ್ವಿಸ್ ಸವಾರ ಫಾಬಿಯಾನ್ ಕಾನ್ಸೆಲ್ಲಾರಾನ ಹೆಸರನ್ನು ಈ ದಾರಿಗೆ ಇಟ್ಟಿದ್ದಾರೆ. ದಾರಿ ಗುಡ್ಡದ ಬೆನ್ನೆಲುಬಿನ ಮೇಲೆಯೇ ಹೋಗುತ್ತದೆ. ಎರಡೂ ಕಡೆ ಮಳೆ ಕೊರೆದ ಬೂದು ಜೇಡಿಯ ಕೊರಕಲುಗಳು. ಧಡಕ್ಕನೆ ಕಣಿವೆಗೆ ಇಳಿಯುತ್ತದೆ, ಇಳಿದಷ್ಟೇ ಕಡಿದಾಗಿ ಏರುತ್ತದೆ. ಎರಡು ಏರುಗಳಲ್ಲಿ ನಾನು ಇಳಿದು ತಳ್ಳಿದೆ. ನಿಂತು ತುಳಿದರೆ ಹಿಂದಿನ ಗಾಲಿ ಹಿಡಿತ ತಪ್ಪಿ ಅಲ್ಲೇ ಸುತ್ತುತ್ತದೆ. ಸೀಟಿನ ಮೇಲೆ ಕೂತು, ಮೈ ಮುಂದಕ್ಕೆ ಬಾಗಿಸಿ, ನಿಧಾನಕ್ಕೆ ತುಳಿದವರು ಮೇಲೆ ಹೋಗುತ್ತಾರೆ ಎಂಬುದನ್ನು ತಮ್ಮ ಮಾಡಿ ತೋರಿಸಿದ.

ಒಂದು ತಿರುವಿನಲ್ಲಿ ಕುರಿಮಂದೆ ರಸ್ತೆ ದಾಟುತ್ತಿತ್ತು. ಮಂದೆಯ ಜೊತೆಗಿದ್ದ ಎರಡು ದೊಡ್ಡ ಬಿಳಿ ಮಾರೆಮ್ಮಾ ನಾಯಿಗಳು ಬೊಗಳುತ್ತ ಓಡಿಬಂದವು. ವೇಗವಾಗಿ ಓಡಿಸಿ ತಪ್ಪಿಸಿಕೊಳ್ಳಲು ಹೋದರೆ ಅವು ಬೆನ್ನು ಹತ್ತುತ್ತವೆ. ಇಳಿದು, ಸೈಕಲ್ಲನ್ನು ನಮಗೂ ನಾಯಿಗಳಿಗೂ ನಡುವೆ ಇಟ್ಟುಕೊಂಡು, ಮಂದೆಯನ್ನು ನೋಡದೆ ಮೆಲ್ಲಗೆ ನಡೆದೆವು. ಐವತ್ತು ಹೆಜ್ಜೆಯ ನಂತರ ನಾಯಿಗಳು ತಮ್ಮ ಗಡಿ ಮುಗಿಯಿತೆಂಬಂತೆ ನಿಂತು, ಕುರಿಗಳ ಕಡೆ ತಿರುಗಿದವು.

ಮಧ್ಯಾಹ್ನದ ನಂತರ ಆರ್ಬಿಯಾ ನದಿಯನ್ನು ದಾಟಿದೆವು. 1260ರಲ್ಲಿ ಮೊಂತಾಪೆರ್ತಿಯ ಕಾಳಗದಲ್ಲಿ ಸಿಯೆನಾ ಫ್ಲಾರೆನ್ಸನ್ನು ಸೋಲಿಸಿದ್ದು ಈ ನದಿಯ ಬಳಿ. ಕರಿ ಹುಂಜದ ಕಥೆಯಲ್ಲಿ ಸೋತ ಊರು ಇತಿಹಾಸದಲ್ಲಿ ಇಲ್ಲೊಮ್ಮೆ ಗೆದ್ದಿದೆ. ಊರೊಳಗೆ ಫೊಂತೆಬ್ರಾಂದಾ ಬಾಗಿಲಿನಿಂದ ಹತ್ತುವ ಸಾಂತಾ ಕತೆರೀನಾ ಬೀದಿ ಸ್ಪರ್ಧೆಯವರಿಗೂ ಕೊನೆಯ ಪರೀಕ್ಷೆ: ನೂರು ಅಡಿಗೆ ಹದಿನಾರು ಅಡಿ ಏಳುವ ಕಲ್ಲುಹಾಸಿನ ಏರು. ಅದನ್ನು ಇಬ್ಬರೂ ತುಳಿದೇ ಹತ್ತಿದೆವು. ಓಣಿಯ ಕೊನೆಯಲ್ಲಿ ಪಿಯಾತ್ಸಾ ದೆಲ್ ಕಾಂಪೊ ತೆರೆದುಕೊಂಡಿತು. ಒಂಬತ್ತು ಪಾಲಾಗಿ ಇಟ್ಟಿಗೆ ಹಾಸಿದ, ಕಪ್ಪೆಚಿಪ್ಪಿನಂತೆ ಒಳಕ್ಕೆ ಇಳಿಜಾರಾದ ಆ ಚೌಕದಲ್ಲಿ ಜನ ಹೊಲದಲ್ಲಿ ಕೂತಂತೆ ನೆಲದ ಮೇಲೆ ಕೂತಿದ್ದರು. ನಾವೂ ಕೂತು, ಬಾದಾಮಿಯ ‘ರಿಚ್ಚಾರೆಲ್ಲಿ’ ಬಿಸ್ಕತ್ತು ತಿಂದೆವು.

ಸೈಕಲ್ ಹಿಂದಿರುಗಿಸಲು ಹೋದಾಗ ಅಂಗಡಿಯ ಹಿರಿಯ ಕೆಲಸಗಾರ ಅದನ್ನು ತಲೆಕೆಳಗಾಗಿ ನಿಲ್ಲಿಸಿ, ನಮ್ಮ ಬ್ರಶ್ಶು ಮುಟ್ಟದೆ ಉಳಿದಿದ್ದ ಪೆಡಲಿನ ಹಿಂಬದಿಯ ಸಂದಿನಿಂದ ಬೂದು ಮಣ್ಣಿನ ಹೆಂಟೆಯೊಂದನ್ನು ಉಗುರಿನಲ್ಲಿ ಎಬ್ಬಿಸಿದ. ಬೆರಳಿನಲ್ಲಿ ಪುಡಿಮಾಡಿ ನೋಡಿ, “ಬುವೊನ್‌ಕೊನ್ವೆಂತೊ?” ಎಂದ. ಹೌದೆಂದೆವು. ತಾನು ಆ ಕಡೆಗೆ ಹೋಗಿ ವರ್ಷಗಳಾದವು, ಮೂರ್ಲೊದಿಂದ ಇಳಿಯುವ ದಾರಿ ಇನ್ನೂ ಬಿಳಿಯಾಗಿಯೇ ಇದೆಯೇ ಎಂದು ಕೇಳಿದ. ಇದೆ ಎಂದು ತಮ್ಮ ಹೇಳಿದ ಮೇಲೆ, ಆತ ಕೈಯ ಮಣ್ಣನ್ನು ಕೊಡವಿ ಮುಂದಿನ ಗಾಲಿಯನ್ನು ಬಿಚ್ಚತೊಡಗಿದ.